ಕಚೇರಿ ಸರ್ವರ್‌ನ ಕಡತ ವ್ಯವಸ್ಥೆಯನ್ನು ಸುರಕ್ಷಿತವಾಗಿ ಕುಗ್ಗಿಸುವ ಕ್ರಮ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಸಾರ್ವಜನಿಕರ ಕಿವಿಗೆ ಅತಿ ಹೆಚ್ಚಾಗಿ ಬೀಳುವ ಮಾತು ‘ಸರ್ವರ್ ಇಲ್ಲ’ ಎಂಬುದು. ಈ ಮಾತಿನಲ್ಲಿ ಬರುವ ಸರ್ವರ್ ಬಹುತೇಕ ಸಂದರ್ಭಗಳಲ್ಲಿ ಕಚೇರಿಯದ್ದಲ್ಲ. ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ದತ್ತಾಂಶವು ರಾಜ್ಯ ಮಟ್ಟದ ಸರ್ವರ್‌ಗಳಲ್ಲಿರುತ್ತದೆ. ಕಳಸದಲ್ಲೋ ಮೂಡಿಗೆರೆಯಲ್ಲೋ ಕುಳಿತ ಸಿಬ್ಬಂದಿಯು ಅದನ್ನು ಅಂತರ್ಜಾಲದ ಮೂಲಕ ತಲುಪುತ್ತಾರೆ. ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ತುಂಡಾದರೆ ತಲುಪಲಾರರು. ಆ ಸರ್ವರ್‌ಗಳ ನಿರ್ವಹಣೆ ಪಂಚಾಯಿತಿಯ ಹೊಣೆಯಲ್ಲ. ಪ್ರಸ್ತುತ ಪಾಠದ ವಿಷಯ ಇನ್ನೊಂದು ಸರ್ವರ್. ಅದು ಕಚೇರಿಯ ಒಳಗೇ ಇರುತ್ತದೆ, ಬಹಳ ಕಡೆ ಮೇಜಿನ ಕೆಳಗೇ ಇರುತ್ತದೆ. ಉಳಿದ ಎರಡು ಮೂರು ಕಂಪ್ಯೂಟರುಗಳು ತಮ್ಮ ಕಡತಗಳನ್ನು ಅದರಲ್ಲಿ ಇರಿಸುತ್ತವೆ. ಇದರ ಹೊಣೆ ಪೂರ್ಣವಾಗಿ ಪಂಚಾಯಿತಿಯದು.

ಮಲೆನಾಡಿನ ಕಚೇರಿಗಳಲ್ಲಿ ಈ ಯಂತ್ರದ ಬೆಲೆಯನ್ನು ಬಯಲುಸೀಮೆಯ ಲೆಕ್ಕದಲ್ಲಿ ಅಳೆಯಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಶಾಯಿ ಹರಡುತ್ತದೆ, ಗೆದ್ದಲು ಸಹ ಪಾಲು ಕೇಳುತ್ತದೆ. ಹಳೆಯ ಮನೆ ಕಂದಾಯದ ಬೇಡಿಕೆ ವಹಿ, ನಿವೇಶನ ಹಂಚಿಕೆಯ ನಡಾವಳಿ, ಜನನ-ಮರಣಕ್ಕೆ ಸಂಬಂಧಿಸಿದ ಹಳೆಯ ಟಿಪ್ಪಣಿ ಇವುಗಳನ್ನು ಸ್ಕ್ಯಾನ್ ಮಾಡಿ ಇರಿಸಿಕೊಂಡ ಕಚೇರಿಗಳಲ್ಲಿ, ಕೆಲವು ಪುಟಗಳ ಓದಬಹುದಾದ ಪ್ರತಿ ಈಗ ಆ ಡಿಸ್ಕ್‌ನಲ್ಲಿ ಮಾತ್ರ ಉಳಿದಿರುವ ಸಾಧ್ಯತೆಯಿದೆ. ನಮೂನೆ-9 ಮತ್ತು ನಮೂನೆ-11ಕ್ಕಾಗಿ ಅರ್ಜಿ ಸಲ್ಲಿಸುವ ಕುಟುಂಬವೊಂದಕ್ಕೆ ತಾತನ ಕಾಲದ ಕಂದಾಯ ಪಾವತಿಯ ಒಂದು ಪುಟವೇ ಆಧಾರವಾಗಬಹುದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಕುಸಿದಾಗ ಮನೆಯೊಡನೆ ಮನೆಯೊಳಗಿನ ಕಾಗದಪತ್ರಗಳೂ ಮಣ್ಣಾದವು. ಅಂಥ ಕುಟುಂಬದ ಕೈಗೆ ಪಂಚಾಯಿತಿಯ ಪ್ರತಿಯನ್ನು ಬಿಟ್ಟರೆ ಬೇರೆ ಪ್ರತಿ ಸಿಗುವುದು ಕಷ್ಟ.

ಹೀಗಿರುವಾಗ ‘ಡಿಸ್ಕ್ ತುಂಬಿದೆ, ಒಂದು ಭಾಗವನ್ನು ಕುಗ್ಗಿಸಿ ಇನ್ನೊಂದಕ್ಕೆ ಕೊಡುತ್ತೇವೆ, ಅರ್ಧ ಗಂಟೆಯ ಕೆಲಸ’ ಎಂದು ತಂತ್ರಜ್ಞರು ಹೇಳಿದರೆ, ಸದಸ್ಯರು ‘ಆಗಲಿ’ ಎನ್ನುವ ಮುನ್ನ ಆ ಕೆಲಸದ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯ. ಆದೇಶಗಳನ್ನು ಟೈಪ್ ಮಾಡುವುದು ಸದಸ್ಯರ ಕೆಲಸವಲ್ಲ. ಯಾವ ಕ್ರಮದಲ್ಲಿ ಮಾಡುತ್ತೀರಿ, ತಪ್ಪಿದರೆ ಹಿಂದಿರುಗುವ ದಾರಿ ಯಾವುದು ಎಂದು ಕೇಳುವುದು ಖಂಡಿತವಾಗಿ ಸದಸ್ಯರ ಕೆಲಸ.

ಬೇಲಿ ಮತ್ತು ತೋಟ

ಒಂದು ಹಾರ್ಡ್ ಡಿಸ್ಕ್ ಅನ್ನು ಒಂದು ಸರ್ವೆ ನಂಬರಿನ ಜಮೀನು ಎಂದು ಭಾವಿಸಬಹುದು. ಅದನ್ನು ಹಿಸ್ಸೆಗಳಾಗಿ ಒಡೆದು ಬಾಂದುಕಲ್ಲು ನೆಟ್ಟಂತೆ ಪಾರ್ಟಿಷನ್‌ಗಳಾಗಿ ವಿಭಾಗಿಸಲಾಗಿರುತ್ತದೆ. ಪಾರ್ಟಿಷನ್ ಎಂಬುದು ಬರಿಯ ಗಡಿ. ಒಳಗೆ ಏನಿದೆ ಎಂಬುದು ಗಡಿಗೆ ಗೊತ್ತಿಲ್ಲ. ಗಡಿಯ ಒಳಗೆ ಕಾಫಿ ಗಿಡ ಎಲ್ಲಿದೆ, ಮೆಣಸಿನ ಬಳ್ಳಿ ಎಲ್ಲಿದೆ, ಕಣ ಎಲ್ಲಿದೆ, ಲೈನ್ ಮನೆ ಎಲ್ಲಿದೆ ಎಂಬುದನ್ನು ತೋಟದ ರೈಟರ್ ತನ್ನ ಪುಸ್ತಕದಲ್ಲಿ ಬರೆದಿರುತ್ತಾನೆ. ಆ ಪುಸ್ತಕವೂ ಅದು ಗುರುತಿಸಿದ ನೆಲವೂ ಸೇರಿದ್ದೇ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ. ಪುಸ್ತಕದ ಮೊದಲ ಪುಟದಲ್ಲಿ ‘ಈ ತೋಟದ ವಿಸ್ತೀರ್ಣ ಇಷ್ಟು’ ಎಂದು ಬರೆದಿರುತ್ತದೆ. ಗಡಿಯ ನಕ್ಷೆ ಒಂದು ಕಡೆ, ರೈಟರನ ಪುಸ್ತಕ ಇನ್ನೊಂದು ಕಡೆ. ಎರಡೂ ತಾವಾಗಿ ಒಂದನ್ನೊಂದು ತಿದ್ದಿಕೊಳ್ಳುವುದಿಲ್ಲ.

ತೋಟದ ಕೆಳಭಾಗದ ಎರಡು ಎಕರೆಯನ್ನು ತಮ್ಮನ ಪಾಲಿಗೆ ಬಿಡಬೇಕಾದ ಪ್ರಸಂಗ ಬಂದಿತೆನ್ನೋಣ. ಮೊದಲು ಆ ಎರಡು ಎಕರೆಯಲ್ಲಿರುವ ಚೀಲ, ಸಾಮಾನು, ಪಲ್ಪರ್ ಯಂತ್ರ ಎಲ್ಲವನ್ನೂ ಮೇಲ್ಭಾಗಕ್ಕೆ ಸಾಗಿಸಬೇಕು. ಬಳಿಕ ಪುಸ್ತಕದಲ್ಲಿ ವಿಸ್ತೀರ್ಣ ತಿದ್ದಬೇಕು. ಕೊನೆಯದಾಗಿ ಬೇಲಿಯನ್ನು ಹಿಂದಕ್ಕೆ ತರಬೇಕು. ಬೇಲಿಯನ್ನೇ ಮೊದಲು ಎಳೆದರೆ ಗೋದಾಮು ಆಚೆಗೆ ಉಳಿಯುತ್ತದೆ. ತಮ್ಮನು ಆ ನೆಲವನ್ನು ಉತ್ತ ದಿನ ಗೋದಾಮೂ ಇಲ್ಲ, ಚೀಲವೂ ಇಲ್ಲ. ಜಮೀನು ಹೆಚ್ಚಿಸುವಾಗ ಕ್ರಮ ತಿರುಗುಮುರುಗು: ಮೊದಲು ಬೇಲಿ, ಆಮೇಲೆ ಗಿಡ.

ಡಿಸ್ಕ್‌ನಲ್ಲಿಯೂ ಇದೇ. ಕುಗ್ಗಿಸುವಾಗ ಮೊದಲು ಕಡತ ವ್ಯವಸ್ಥೆ, ನಂತರ ಪಾರ್ಟಿಷನ್. ಹಿಗ್ಗಿಸುವಾಗ ಮೊದಲು ಪಾರ್ಟಿಷನ್, ನಂತರ ಕಡತ ವ್ಯವಸ್ಥೆ. ದತ್ತಾಂಶ ಕಳೆದುಕೊಂಡ ಬಹುಪಾಲು ಪ್ರಕರಣಗಳು ಈ ಒಂದು ಕ್ರಮ ತಪ್ಪಿದ್ದರಿಂದ ಅಥವಾ ಅಳತೆಯ ಲೆಕ್ಕ ತಪ್ಪಿದ್ದರಿಂದ ಆಗುವಂಥವು. ಹಿಗ್ಗಿಸುವ ಕೆಲಸ ಕೆಟ್ಟರೂ ಸಾಮಾನ್ಯವಾಗಿ ಹಳೆಯ ಕಡತಗಳು ಇದ್ದಲ್ಲೇ ಇರುತ್ತವೆ. ಕುಗ್ಗಿಸುವ ಕೆಲಸ ಕೆಟ್ಟರೆ ಹಾಗಿಲ್ಲ, ಏಕೆಂದರೆ ಅಲ್ಲಿ ಕಡತಗಳು ನಿಜವಾಗಿಯೂ ಸ್ಥಳಾಂತರಗೊಳ್ಳುತ್ತಿರುತ್ತವೆ.

ಕುಗ್ಗಿಸಲೇಬೇಕೆ?

ಈ ಪ್ರಶ್ನೆಯನ್ನು ಮೊದಲು ಕೇಳತಕ್ಕದ್ದು. ಬಹಳಷ್ಟು ಸಂದರ್ಭಗಳಲ್ಲಿ ಉತ್ತರ ‘ಬೇಕಿಲ್ಲ’ ಎಂದೇ ಬರುತ್ತದೆ.

ಡಿಸ್ಕ್ ತುಂಬುವ ಕಾರಣಗಳಲ್ಲಿ ಸ್ಕ್ಯಾನಿಂಗ್ ಮೊದಲನೆಯದು. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 2480, ಎತ್ತರದಲ್ಲಿ 3508 ಚುಕ್ಕೆಗಳು. ಚುಕ್ಕೆಯೊಂದಕ್ಕೆ 3 ಬೈಟ್‌ನಂತೆ ಸಂಕುಚಿಸದ ಗಾತ್ರ ಸುಮಾರು 26 ಎಂಬಿ. ಅದೇ ಪುಟ 600 ಡಿಪಿಐ ಆದರೆ ನಾಲ್ಕು ಪಟ್ಟು, ಅಂದರೆ 104 ಎಂಬಿ. ಕಪ್ಪು ಶಾಯಿಯ ವಹಿಗೆ 300 ಡಿಪಿಐ ಬೂದು ಬಣ್ಣವೇ ಸಾಕು. ಅದು ಸಂಕುಚಿಸುವ ಮೊದಲೇ 9 ಎಂಬಿಯೊಳಗೆ ಇರುತ್ತದೆ. ಸ್ಕ್ಯಾನರ್‌ನ ಒಂದು ಆಯ್ಕೆಯನ್ನು ಬದಲಿಸಿದರೆ ಮುಂದಿನ ಹಲವು ವರ್ಷಗಳ ಜಾಗ ಉಳಿಯುತ್ತದೆ.

ಲಿನಕ್ಸ್ ಬಳಸುವ ಯಂತ್ರಗಳಲ್ಲಿ ಇನ್ನೊಂದು ಸಂಗತಿಯಿದೆ. ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯು ರಚನೆಯಾಗುವಾಗಲೇ ಶೇ. 5ರಷ್ಟು ಜಾಗವನ್ನು ನಿರ್ವಾಹಕನ ತುರ್ತಿಗೆಂದು ಮೀಸಲಿಡುತ್ತದೆ. ಯಂತ್ರ ನಡೆಯುವ ಮೂಲ ವಿಭಾಗಕ್ಕೆ ಈ ಮೀಸಲು ಅಗತ್ಯ. ಬರಿಯ ಕಡತಗಳನ್ನು ಇರಿಸುವ 880 ಜಿಬಿ ವಿಭಾಗದಲ್ಲಿ ಮಾತ್ರ 44 ಜಿಬಿ ಸುಮ್ಮನೆ ಕುಳಿತಿರುತ್ತದೆ. ಇದನ್ನು ಶೇ. 1ಕ್ಕೆ ಇಳಿಸಲು ಒಂದು ಆದೇಶ ಸಾಕು, ಯಾವ ಕಡತವೂ ಸ್ಥಳ ಬಿಟ್ಟು ಕದಲುವುದಿಲ್ಲ.

ಮೂಲ ವಿಭಾಗ ತುಂಬಿದ್ದು, ಕಡತ ವಿಭಾಗ ಖಾಲಿಯಿದ್ದರೆ? ಆಗಲೂ ಗೋಡೆ ಸರಿಸುವ ಮೊದಲು ಸಾಮಾನು ಸರಿಸಲು ಬರುತ್ತದೆಯೇ ಎಂದು ನೋಡಬೇಕು. ಬೆಳೆಯುತ್ತಿರುವ ಲಾಗ್ ಅಥವಾ ದತ್ತಾಂಶದ ಫೋಲ್ಡರ್ ಅನ್ನು ದೊಡ್ಡ ವಿಭಾಗಕ್ಕೆ ಸ್ಥಳಾಂತರಿಸಿ, ಹಳೆಯ ಹೆಸರಿನಲ್ಲಿಯೇ ದೊರೆಯುವಂತೆ ಜೋಡಿಸಬಹುದು. ಕೆಲವು ಸಾವಿರ ರೂಪಾಯಿಗೆ ದೊರೆಯುವ ಹೊಸ ಡಿಸ್ಕ್ ಒಂದನ್ನು ಸೇರಿಸುವುದು ಇನ್ನೂ ನೇರವಾದ ಮಾರ್ಗ. ಉಳಿತಾಯದ ಹೆಸರಿನಲ್ಲಿ ಇದನ್ನು ತಳ್ಳಿಹಾಕಿ ಕುಗ್ಗಿಸಲು ಹೊರಡುವುದು ಜಾಣತನವಲ್ಲ. ಹೇಗಿದ್ದರೂ ಬ್ಯಾಕಪ್‌ಗೆಂದು ಡಿಸ್ಕ್ ಒಂದನ್ನು ಕೊಳ್ಳಲೇಬೇಕಾಗುತ್ತದೆ!

ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಆಗದು

ಎಲ್ಲ ಕಡತ ವ್ಯವಸ್ಥೆಗಳೂ ಒಂದೇ ಬಗೆಯವಲ್ಲ. ಉಬುಂಟು ಮೊದಲಾದ ಲಿನಕ್ಸ್‌ಗಳಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಅನ್ನು ಯಂತ್ರ ನಡೆಯುತ್ತಿರುವಾಗಲೇ ಹಿಗ್ಗಿಸಬಹುದು, ಆದರೆ ಕುಗ್ಗಿಸಬೇಕಾದರೆ ಆ ವಿಭಾಗವನ್ನು ಬಳಕೆಯಿಂದ ಪೂರ್ಣವಾಗಿ ಬಿಡಿಸಿರಬೇಕು. ಮೂಲ ವಿಭಾಗವನ್ನೇ ಕುಗ್ಗಿಸುವುದಾದರೆ ಪೆನ್ ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ ಮಾಡಬೇಕು. ಕುಳಿತ ಕೊಂಬೆಯನ್ನು ಕಡಿಯಲಾಗದು. ದೊಡ್ಡ ಸರ್ವರ್‌ಗಳಲ್ಲಿ ಕಾಣುವ ಎಕ್ಸ್‌ಎಫ್‌ಎಸ್ ಅನ್ನು ಸಾಮಾನ್ಯ ಬಳಕೆಯಲ್ಲಿ ಕುಗ್ಗಿಸಲು ಬರುವುದೇ ಇಲ್ಲ. ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲಿಸಿ, ಸಣ್ಣದಾಗಿ ಹೊಸತು ರಚಿಸಿ, ಮರಳಿ ತುಂಬಬೇಕು. ಎಕ್ಸ್‌ಎಫ್‌ಎಸ್ ಇರುವ ಯಂತ್ರವನ್ನು ಅರ್ಧ ಗಂಟೆಯಲ್ಲಿ ಕುಗ್ಗಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅವರನ್ನು ಚಹಾ ಕೊಟ್ಟು ಕಳುಹಿಸುವುದು ಲೇಸು.

ಹೆಚ್ಚಿನ ಪಂಚಾಯಿತಿಗಳಲ್ಲಿರುವುದು ವಿಂಡೋಸ್. ಅದರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿರುವ ‘ಶ್ರಿಂಕ್ ವಾಲ್ಯೂಮ್’ ಎಂಬ ಸೌಲಭ್ಯವು ಕಡತ ವ್ಯವಸ್ಥೆಯನ್ನೂ ಗಡಿಯನ್ನೂ ಸರಿಯಾದ ಕ್ರಮದಲ್ಲಿ ತಾನೇ ಕುಗ್ಗಿಸುತ್ತದೆ. ಆದರೆ ಎರಡು ತೊಡಕುಗಳಿವೆ. ಪೇಜ್ ಫೈಲ್‌ನಂತಹ ಕದಲಿಸಲಾಗದ ಕಡತಗಳು ಮಧ್ಯದಲ್ಲಿದ್ದರೆ, 300 ಜಿಬಿ ಖಾಲಿಯಿದ್ದರೂ 20 ಜಿಬಿ ಮಾತ್ರ ಬಿಡಿಸಬಹುದು ಎಂದು ಅದು ತೋರಿಸಬಹುದು. ಎರಡನೆಯದು ಇನ್ನೂ ಸಾಮಾನ್ಯ: ‘ಸಿ’ ತುಂಬಿದೆ, ‘ಡಿ’ ಖಾಲಿಯಿದೆ ಎಂದು ‘ಡಿ’ಯನ್ನು ಕುಗ್ಗಿಸುತ್ತಾರೆ. ಬಿಡುಗಡೆಯಾದ ಜಾಗ ‘ಡಿ’ಯ ಬಾಲದಲ್ಲಿ ಇರುತ್ತದೆ, ‘ಸಿ’ಗೆ ಅಂಟಿಕೊಂಡಿರುವುದಿಲ್ಲ. ‘ಸಿ’ಯನ್ನು ಹಿಗ್ಗಿಸುವ ಆಯ್ಕೆ ತೆರೆಯುವುದೇ ಇಲ್ಲ. ಆಗ ‘ಡಿ’ಯನ್ನು ಇಡಿಯಾಗಿ ಪಕ್ಕಕ್ಕೆ ಸರಿಸುವ ಉಚಿತ ತಂತ್ರಾಂಶವೊಂದನ್ನು ಎಲ್ಲಿಂದಲೋ ಇಳಿಸಿಕೊಳ್ಳಲಾಗುತ್ತದೆ. ಪ್ರತಿಯೊಂದು ಕಡತವನ್ನೂ ಸ್ಥಳ ಬದಲಿಸುವ ಆ ಕೆಲಸ ಹಲವು ಗಂಟೆ ಹಿಡಿಯುತ್ತದೆ. ಆ ಗಂಟೆಗಳಲ್ಲಿ ವಿದ್ಯುತ್ ಹೋದರೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಆದ್ದರಿಂದ ಡಿಸ್ಕ್‌ನಲ್ಲಿ ವಿಭಾಗಗಳು ಯಾವ ಸಾಲಿನಲ್ಲಿವೆ ಎಂಬ ಚಿತ್ರವನ್ನು ಕಾಗದದ ಮೇಲೆ ಬರೆಸಿಕೊಂಡೇ ಒಪ್ಪಿಗೆ ನೀಡುವುದು ಸೂಕ್ತ. ಲಿನಕ್ಸ್‌ನಲ್ಲಿ ಎಲ್‌ವಿಎಂ ಎಂಬ ವ್ಯವಸ್ಥೆಯಿದ್ದರೆ ಈ ಅಕ್ಕಪಕ್ಕದ ತೊಡಕು ಇರುವುದಿಲ್ಲ.

ಒಂದು ಕಲ್ಪಿತ ಉದಾಹರಣೆ

ಎಲ್‌ವಿಎಂ ಇರುವ ಲಿನಕ್ಸ್ ಯಂತ್ರವೊಂದರಲ್ಲಿ 1 ಟಿಬಿ ಡಿಸ್ಕ್ ಇದೆಯೆಂದು ಭಾವಿಸೋಣ. ತಯಾರಕರ 1 ಟಿಬಿ ಎಂದರೆ ಲಕ್ಷ ಕೋಟಿ ಬೈಟ್. 1024ರ ಗುಣಕದಲ್ಲಿ ಎಣಿಸುವ ಕಂಪ್ಯೂಟರಿನ ಲೆಕ್ಕದಲ್ಲಿ ಅದು 931 ಜಿಬಿ. ಮೂಲ ವಿಭಾಗ 40, ಸ್ವಾಪ್ 8, ಕಡತ ವಿಭಾಗ 880. ಕಡತ ವಿಭಾಗದಲ್ಲಿ 310 ಜಿಬಿ ಬಳಕೆಯಾಗಿದೆ. ಮೂಲ ವಿಭಾಗಕ್ಕೆ 100 ಜಿಬಿ ಹೆಚ್ಚಿಗೆ ಬೇಕು. ಅಂದರೆ ಕಡತ ವಿಭಾಗ 780ಕ್ಕೆ ಇಳಿಯಬೇಕು.

ಮೊದಲ ಕೆಲಸ ಡಿಸ್ಕ್‌ನ ಆರೋಗ್ಯ ಪರೀಕ್ಷೆ. ಸ್ಮಾರ್ಟ್ ಎಂಬ ವರದಿಯನ್ನು ಡಿಸ್ಕ್ ತಾನೇ ನೀಡುತ್ತದೆ. ಹಾಳಾದ ಸೆಕ್ಟರ್‌ಗಳು ಕಂಡುಬಂದರೆ ಕುಗ್ಗಿಸುವ ವಿಚಾರವನ್ನು ಅಲ್ಲಿಗೇ ಬಿಟ್ಟು, ದತ್ತಾಂಶವನ್ನು ನಕಲಿಸಿಕೊಂಡು ಡಿಸ್ಕ್ ಬದಲಿಸಬೇಕು. ಸಾಯುತ್ತಿರುವ ಡಿಸ್ಕ್‌ನಿಂದ ಇಷ್ಟೊಂದು ಓಡಾಟದ ಕೆಲಸ ಮಾಡಿಸಬಾರದು.

ಎರಡನೆಯದು ಬ್ಯಾಕಪ್. ಪ್ರತಿ ಮೂರು, ಮಾಧ್ಯಮ ಎರಡು ಬಗೆ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬುದು ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ, ಈಗ ಎಲ್ಲೆಡೆ ಒಪ್ಪಿತವಾದ ಸೂತ್ರ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯ ನೀರು ಹರಿಯುವ ಸೀಮೆಯಲ್ಲಿ ‘ಕಟ್ಟಡದ ಹೊರಗೆ’ ಎಂಬ ಮಾತಿಗೆ ವಿಶೇಷ ಅರ್ಥವಿದೆ. 310 ಜಿಬಿ ನಕಲಿಸಲು, ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಹಳೆಯ ಯುಎಸ್‌ಬಿ ಕಿಂಡಿಯಲ್ಲಿ 35 ಎಂಬಿ ಸಿಕ್ಕರೆ ಎರಡೂವರೆ ಗಂಟೆ. ಸಣ್ಣ ಸಣ್ಣ ಕಡತಗಳು ಹೆಚ್ಚಿದ್ದರೆ ಇನ್ನೂ ತಡ. ‘ಅರ್ಧ ಗಂಟೆಯ ಕೆಲಸ’ ಎಂಬ ಮಾತಿನಲ್ಲಿ ಬ್ಯಾಕಪ್ ಸೇರಿಲ್ಲ ಎಂಬುದು ಇಲ್ಲಿಯೇ ತಿಳಿಯುತ್ತದೆ. ಬ್ಯಾಕಪ್ ಡಿಸ್ಕ್ ಹಳೆಯ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ನಕಲು ಮುಗಿದಿದೆ ಎಂಬ ಸಂದೇಶ ಬ್ಯಾಕಪ್‌ಗೆ ಪುರಾವೆಯಲ್ಲ. ಬ್ಯಾಕಪ್ ಡಿಸ್ಕ್ ಅನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಸದಸ್ಯರೇ ಸೂಚಿಸುವ ಮೂರು ಕಡತಗಳನ್ನು ತೆರೆದು ತೋರಿಸಲು ಕೇಳಬೇಕು: ಅತಿ ಹಳೆಯದೊಂದು, ಅತಿ ದೊಡ್ಡದೊಂದು, ಕನ್ನಡ ಹೆಸರಿನದೊಂದು. ಮೂರೂ ತೆರೆದರೆ ಮುಂದಿನ ಹೆಜ್ಜೆ.

ಆಮೇಲೆ ಕಡತ ವಿಭಾಗವನ್ನು ಬಳಕೆಯಿಂದ ಬಿಡಿಸಿ, ‘ಇ2ಎಫ್‌ಎಸ್‌ಸಿಕೆ’ ಎಂಬ ಸಾಧನದಿಂದ ಪೂರ್ಣ ತಪಾಸಣೆ ನಡೆಸಬೇಕು. ರೈಟರನ ಪುಸ್ತಕದಲ್ಲಿ ಈಗಾಗಲೇ ತಪ್ಪಿದ್ದರೆ ಸಾಮಾನು ಸಾಗಿಸುವಾಗ ತಪ್ಪು ಬೆಳೆಯುತ್ತದೆ; ಅದಕ್ಕಾಗಿ ಈ ತಪಾಸಣೆ. ನಂತರ ‘ರೀಸೈಜ್2ಎಫ್‌ಎಸ್’ ಮೂಲಕ ಕಡತ ವ್ಯವಸ್ಥೆಯನ್ನು ಕುಗ್ಗಿಸಬೇಕು. ಗುರಿ 780 ಆದರೂ ಇಲ್ಲಿ 700 ಜಿಬಿಗೆ ಇಳಿಸುವುದು ಅನುಭವಿಗಳ ರೂಢಿ. ಕಾರಣ, ಒಂದು ಸಾಧನ ಜಿಬಿಯನ್ನು 1024ರ ಗುಣಕದಲ್ಲಿ ಎಣಿಸಿದರೆ ಇನ್ನೊಂದು 1000ದ ಗುಣಕದಲ್ಲಿ ಎಣಿಸಬಹುದು. 780ರಲ್ಲಿ ಈ ಎರಡರ ಅಂತರ 50 ಜಿಬಿಯನ್ನು ಮೀರುತ್ತದೆ. ಬೇಲಿ ನೆಡುವಾಗ ಕೈಯಳತೆ ತಪ್ಪಿದರೂ ಗಿಡಕ್ಕೆ ಏಟು ಬೀಳದಂತೆ ಮೊದಲೇ ನಡುವೆ ಖಾಲಿ ನೆಲ ಬಿಟ್ಟುಕೊಳ್ಳುವ ಉಪಾಯ ಇದು. ಬಳಿಕ ‘ಎಲ್‌ವಿ-ರೆಡ್ಯೂಸ್’ ಆದೇಶದಿಂದ ಗಡಿಯನ್ನು 780ಕ್ಕೆ ತರಬೇಕು. ಆ ಮೇಲೆ ಕಡತ ವ್ಯವಸ್ಥೆಯನ್ನು ಹೊಸ ಗಡಿಯವರೆಗೆ ಹಿಗ್ಗಿಸಿದರೆ 700 ತಾನಾಗಿ 780 ಆಗುತ್ತದೆ. ಇನ್ನೊಮ್ಮೆ ತಪಾಸಣೆ. ತಪ್ಪಿಲ್ಲವೆಂದು ಕಂಡ ಮೇಲೆಯೇ ಉಳಿದ 100 ಜಿಬಿಯನ್ನು ಮೂಲ ವಿಭಾಗಕ್ಕೆ ಕೊಡಬೇಕು, ಏಕೆಂದರೆ ಆ ಜಾಗದಲ್ಲಿ ಹೊಸತನ್ನು ಬರೆದ ಕ್ಷಣದಿಂದ ಹಿಂದಿರುಗುವ ದಾರಿ ಮುಚ್ಚುತ್ತದೆ.

ವಿಭಾಗವನ್ನು ಮೊದಲು ಓದಲು ಮಾತ್ರ ಅನುಮತಿಯಿರುವಂತೆ ತೆರೆದು, ಕಡತಗಳ ಸಂಖ್ಯೆಯನ್ನು ಬ್ಯಾಕಪ್‌ನೊಂದಿಗೆ ತಾಳೆ ನೋಡಿ, ಬಳಿಕ ಸಿಬ್ಬಂದಿಗೆ ಬಿಟ್ಟುಕೊಡುವುದು.

ಕ್ರಮ ತಪ್ಪಿದ ದಿನ

ಕಡತ ವ್ಯವಸ್ಥೆಯನ್ನು ಕುಗ್ಗಿಸದೆ ಗಡಿಯನ್ನೇ ಮೊದಲು ಕತ್ತರಿಸಿದರೆ, ವಿಭಾಗವನ್ನು ತೆರೆಯುವಾಗ ‘ಪುಸ್ತಕದಲ್ಲಿನ ವಿಸ್ತೀರ್ಣ ಸಾಧನದ ಗಾತ್ರಕ್ಕಿಂತ ಹೆಚ್ಚಾಗಿದೆ’ ಎಂಬ ಅರ್ಥದ ದೋಷಸಂದೇಶ ಬರುತ್ತದೆ. ಈ ಘಳಿಗೆಯಲ್ಲಿ ಮಾಡುವ ಕೆಲಸದ ಮೇಲೆ ದಾಖಲೆಗಳ ಭವಿಷ್ಯ ನಿಂತಿದೆ. ಗಾಬರಿಯಿಂದ ದುರಸ್ತಿ ಸಾಧನವನ್ನು ಓಡಿಸಿ ಎಲ್ಲದಕ್ಕೂ ‘ಹೌದು’ ಎಂದು ಉತ್ತರಿಸುವುದು ಅತಿ ದೊಡ್ಡ ತಪ್ಪು: ಅದು ಬೇಲಿಯ ಆಚೆ ಉಳಿದ ಗೋದಾಮನ್ನು ಪುಸ್ತಕದಿಂದಲೇ ಅಳಿಸಿಹಾಕುತ್ತದೆ. ಸರಿಯಾದ ಕ್ರಮವೆಂದರೆ ಏನನ್ನೂ ಬರೆಯದೆ, ಬೇಲಿಯನ್ನು ಇದ್ದಲ್ಲಿಗೇ ಮರಳಿ ನೆಡುವುದು. ಗಡಿಯಷ್ಟೇ ಬದಲಾಗಿದ್ದರೆ ಕಡತಗಳು ನೆಲದಲ್ಲಿ ಇನ್ನೂ ಹಾಗೆಯೇ ಇರುತ್ತವೆ. ಎಲ್‌ವಿಎಂ ತನ್ನ ಹಳೆಯ ಗಡಿನಕ್ಷೆಗಳ ಪ್ರತಿಗಳನ್ನು ತಾನೇ ಕಾಯ್ದಿರಿಸಿರುತ್ತದೆ, ಅದರಿಂದ ಮರಳಿಸಬಹುದು. ಸಾದಾ ಪಾರ್ಟಿಷನ್ ಆದರೆ ಆರಂಭ ಮತ್ತು ಅಂತ್ಯದ ಸೆಕ್ಟರ್ ಸಂಖ್ಯೆಗಳು ಅಂಕಿ ತಪ್ಪದೆ ಬೇಕು. ಕೆಲಸಕ್ಕೆ ಮೊದಲು ಅವನ್ನು ಕಾಗದದ ಮೇಲೆ ಬರೆದಿಡಬೇಕೆನ್ನುವುದು ಇದಕ್ಕೇ. ಆ ಕಾಗದ ಆ ಯಂತ್ರದೊಳಗಿನ ಕಡತವಾಗಿರಬಾರದು ಎಂದು ಹೇಳುವುದು ಹಾಸ್ಯವೆನಿಸಬಹುದು, ಆದರೆ ಹೇಳಲೇಬೇಕಾಗಿದೆ.

ಸ್ಥಳಾಂತರ ನಡೆಯುತ್ತಿರುವಾಗಲೇ ವಿದ್ಯುತ್ ಹೋದ ಪ್ರಕರಣ ಇದಕ್ಕಿಂತ ಕಠಿಣ. ಅಲ್ಲಿ ಬ್ಯಾಕಪ್‌ನಿಂದ ಮರಳಿ ತುಂಬುವುದೇ ನಂಬಬಹುದಾದ ದಾರಿ.

ಕಾಲ ಮತ್ತು ವಿದ್ಯುತ್

ಕಚೇರಿಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಹೊಸದಿದ್ದಾಗ ಹತ್ತು ಹದಿನೈದು ನಿಮಿಷ ನಿಲ್ಲಬಹುದು. ಕಡತಗಳನ್ನು ಉಳಿಸಿ ಯಂತ್ರವನ್ನು ಆರಿಸಲು ಅಷ್ಟು ಸಾಕು, ಗಂಟೆಗಟ್ಟಲೆಯ ಕೆಲಸಕ್ಕೆ ಸಾಲದು. ಇನ್ವರ್ಟರ್ ಅಥವಾ ಜನರೇಟರ್ ಜೋಡಣೆಯಿರುವ ದಿನವನ್ನೇ ಆರಿಸಬೇಕು. ಮೆಸ್ಕಾಂ ಉಪವಿಭಾಗದಿಂದ ನಿರ್ವಹಣೆಗಾಗಿ ವಿದ್ಯುತ್ ನಿಲುಗಡೆಯಾಗುವ ದಿನಗಳನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು.

ಕಾಫಿ ಸೀಮೆಯಲ್ಲಿ ತಿಂಗಳ ಆಯ್ಕೆಯೂ ಮುಖ್ಯ. ಮಳೆಗಾಲ ಬೇಡವೆಂಬುದು ಸ್ಪಷ್ಟ. ಹೂಮಳೆಯ ನಂತರದ ಏಪ್ರಿಲ್-ಮೇ ಸಂಜೆಗಳಲ್ಲಿ ಸಿಡಿಲಿನ ಕಾಟ. ಮಾರ್ಚ್ ಆರ್ಥಿಕ ವರ್ಷದ ಕೊನೆ. ಕಂದಾಯ ವಸೂಲಿಯ ನಡುವೆ ಯಂತ್ರವನ್ನು ಬಿಚ್ಚಲಾಗದು. ಉಳಿಯುವುದು ಡಿಸೆಂಬರ್-ಜನವರಿ. ಅರೇಬಿಕಾ ಕೊಯ್ಲಿನ ದಿನಗಳಾದ್ದರಿಂದ ಸದಸ್ಯರಿಗೆ ಬಿಡುವು ಕಡಿಮೆ, ಕಚೇರಿಗೆ ಬರುವ ಜನವೂ ಕಡಿಮೆ. ರಜೆಯ ಹಿಂದಿನ ದಿನ ಬ್ಯಾಕಪ್, ರಜೆಯ ದಿನ ಬೆಳಿಗ್ಗೆ ಕುಗ್ಗಿಸುವ ಕೆಲಸ ಎಂದು ನಿಗದಿಪಡಿಸಿದರೆ ಸಾರ್ವಜನಿಕ ಸೇವೆಗೆ ಅಡ್ಡಿಯಾಗುವುದಿಲ್ಲ.

ನಡಾವಳಿಯಲ್ಲಿ

ಸಾಮಾನ್ಯ ಸಭೆಯ ಮುಂದೆ ಈ ವಿಷಯ ಬಂದಾಗ ‘ಕಂಪ್ಯೂಟರ್ ದುರಸ್ತಿಗೆ ಒಪ್ಪಿಗೆ ನೀಡಲಾಯಿತು’ ಎಂಬ ಒಂದು ಸಾಲು ಸಾಲದು. ಕೆಳಕಂಡ ಒಕ್ಕಣೆಯನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳಬಹುದು:

“ಕಚೇರಿ ಸರ್ವರ್‌ನ ಕಡತ ವಿಭಾಗವನ್ನು ಕುಗ್ಗಿಸುವ ಪ್ರಸ್ತಾವನೆಯನ್ನು ಸಭೆಯು ಪರಿಶೀಲಿಸಿತು. ಪರ್ಯಾಯ ಮಾರ್ಗಗಳು ಏಕೆ ಸಾಲವು ಎಂಬ ಬಗ್ಗೆ ಲಿಖಿತ ಟಿಪ್ಪಣಿ, ವಿಭಾಗಗಳ ಈಗಿನ ಹಾಗೂ ಉದ್ದೇಶಿತ ಗಾತ್ರದ ವಿವರ, ಡಿಸ್ಕ್ ಆರೋಗ್ಯ ವರದಿ ಇವುಗಳನ್ನು ಪಡೆದು, ಎರಡು ಬ್ಯಾಕಪ್ ಪ್ರತಿಗಳನ್ನು ಮಾಡಿಸಿ, ಇಬ್ಬರು ಸದಸ್ಯರ ಸಮಕ್ಷಮ ಕಡತಗಳನ್ನು ತೆರೆದು ಪರೀಕ್ಷಿಸಿದ ನಂತರವೇ ಕಾಮಗಾರಿ ಆರಂಭಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಸಭೆಯು ಸರ್ವಾನುಮತದಿಂದ ಅನುಮತಿಸಿತು. ಬ್ಯಾಕಪ್ ಡಿಸ್ಕ್‌ಗಳನ್ನು ಕಚೇರಿಯ ಅಧೀನದಲ್ಲಿಯೇ ಇರಿಸತಕ್ಕದ್ದು.”

ಕೊನೆಯ ವಾಕ್ಯವನ್ನು ಸೇರಿಸಲು ಕಾರಣವಿದೆ. ಆ ಡಿಸ್ಕ್‌ನಲ್ಲಿ ಗ್ರಾಮದ ಜನರ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಆಸ್ತಿಯ ವಿವರಗಳಿರುತ್ತವೆ. ‘ಮನೆಗೆ ಒಯ್ದು ನಕಲು ಮಾಡಿ ತರುತ್ತೇನೆ’ ಎಂಬ ಕೋರಿಕೆಗೆ, ತಂತ್ರಜ್ಞರು ಎಷ್ಟೇ ಪರಿಚಿತರಾಗಿದ್ದರೂ, ಅವಕಾಶ ನೀಡಬಾರದು.

ಕೆಲಸ ಮುಗಿದ ಮೇಲೆ ಹೊಸ ಗಾತ್ರಗಳು, ದಿನಾಂಕ, ಕೆಲಸ ಮಾಡಿದವರ ಹೆಸರು ಇವುಗಳನ್ನು ದಾಸ್ತಾನು ವಹಿಯಲ್ಲಿ ಯಂತ್ರದ ನಮೂದಿನ ಮುಂದೆ ದಾಖಲಿಸಬೇಕು. ಬ್ಯಾಕಪ್ ಪ್ರತಿಗಳನ್ನು ಮುಂದಿನ ಸಾಮಾನ್ಯ ಸಭೆ ನಡೆಯುವವರೆಗೆ ಅಳಿಸಬಾರದು, ಬೇರೆ ಬಳಕೆಗೂ ಕೊಡಬಾರದು. ಕೆಲವು ಕಡತಗಳು ತಿಂಗಳಿಗೊಮ್ಮೆ ಮಾತ್ರ ತೆರೆಯಲ್ಪಡುತ್ತವೆ, ಅವುಗಳಲ್ಲಿ ದೋಷವಿದ್ದರೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.